ಹಾವು–ಕಪ್ಪೆಗಳ ಹುಳು: ಕತ್ತಿಯ ಬಾಯಿಗೆ ಸಿಕ್ಕ ಚರಿತ್ರೆ

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣ ರಾವ್ 1937ರಲ್ಲಿ ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ವಿವರಿಸಿದರು. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಆ ವಿವರಣೆಗಳಿಗೆ ಆಧಾರವಾಗಿದ್ದ ಮೂಲ ಮಾದರಿ ಕಪ್ಪೆಗಳು ಮುಂದೆ ಕಾಲೇಜಿನ ಸಂಗ್ರಹದಿಂದ ಕಾಣೆಯಾದದ್ದು ಕಪ್ಪೆತಜ್ಞರಿಗೆ ಇಂದಿಗೂ ತಲೆನೋವು. ಆ ಕಪ್ಪೆಗಳ ಒಡಲಲ್ಲಿ ಹುಳುಗಳಿದ್ದಿದ್ದರೆ ಅವೂ ಜೊತೆಗೇ ಹೋದವು. ಅವುಗಳಿಗಾಗಿ ಮಾತ್ರ ಯಾರೂ ಕೊರಗಿದಂತಿಲ್ಲ.

ಪರಾವಲಂಬಿ ಹುಳುಗಳ ಪಾಡೇ ಇಷ್ಟು. ಯಾರೋ ಇನ್ನೇನನ್ನೋ ನೋಡಲು ಕೊಯ್ದಾಗ ಅವು ಕಣ್ಣಿಗೆ ಬೀಳುತ್ತವೆ. ಯುರೋಪಿನಲ್ಲಿ ಅವುಗಳನ್ನೇ ಹುಡುಕಿ ಹೊರಟ ಕೆಲವರಿದ್ದರು. 1865ರಲ್ಲಿ ಜರ್ಮನಿಯ ಗೀಸೆನ್‌ನಲ್ಲಿ ಕಪ್ಪೆಯ ಶ್ವಾಸಕೋಶದ ರಾಬ್ಡಿಯಾಸ್ ಎಂಬ ದುಂಡುಹುಳುವಿನ ಬದುಕು ಬಯಲಾಯಿತು. ಶ್ವಾಸಕೋಶದೊಳಗಿನ ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು. ಅದರ ಮೊಟ್ಟೆ ಬಾಯಿಗೆ ಏರಿ, ನುಂಗಲ್ಪಟ್ಟು, ಮಲದೊಡನೆ ಮಣ್ಣು ಸೇರುತ್ತದೆ. ಮಣ್ಣಿನಲ್ಲಿ ಹುಟ್ಟುವ ತಲೆಮಾರಿನಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಅವುಗಳ ಮರಿಗಳು ಇನ್ನೊಂದು ಕಪ್ಪೆಯ ಚರ್ಮ ಕೊರೆದು ಒಳನುಗ್ಗುತ್ತವೆ. ಇದನ್ನು ಕಂಡುಹಿಡಿದ ಕೀರ್ತಿಗಾಗಿ ಪ್ರೊಫೆಸರ್ ಲಾಯ್ಕಾರ್ಟ್ ಮತ್ತು ಅವರ ಪ್ರಯೋಗಾಲಯದಲ್ಲಿದ್ದ ಯುವಕ ಮೆಚ್ನಿಕಾಫ್ ಜಗಳವಾಡಿದರು. ಗುರು ತನ್ನ ಹೆಸರನ್ನು ಬಿಟ್ಟು ಪ್ರಕಟಿಸಿದರೆಂಬುದು ಶಿಷ್ಯನ ದೂರು. ನನಗೆ ಶಿಷ್ಯನ ಮಾತೇ ಸರಿಯೆನಿಸುತ್ತದೆ. ಆ ಯುವಕನಿಗೆ 1908ರಲ್ಲಿ ನೊಬೆಲ್ ಬಂತು, ಬೇರೆ ಕೆಲಸಕ್ಕೆ.

ನಮ್ಮ ದೇಶದ ಹುಳುಗಳ ಪಟ್ಟಿ ಲಂಡನ್ನಿನಲ್ಲಿ ಅಚ್ಚಾಯಿತು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತಿನ ಗ್ರಂಥಮಾಲೆಯಲ್ಲಿ 1930ರಲ್ಲಿ ಸೌತ್‌ವೆಲ್ ಲಾಡಿಹುಳುಗಳನ್ನೂ 1936 ಮತ್ತು 1939ರಲ್ಲಿ ಬೇಲಿಸ್ ದುಂಡುಹುಳುಗಳನ್ನೂ ವರ್ಣಿಸಿದರು.

ಆಮೇಲಿನ ದಶಕಗಳಲ್ಲಿ ಪ್ರಾಣಿಗಳನ್ನು ಕೊಯ್ದು ಕಲಿಯುವ ಕಾಲೇಜಿನ ಡಿಸೆಕ್ಷನ್ ಮೇಜೇ ಹುಳುಗಳ ಕಿಟಕಿಯಾಯಿತು. ನರಮಂಡಲ ಬಿಡಿಸಲು ಕೂತ ವಿದ್ಯಾರ್ಥಿಗೆ ಶ್ವಾಸಕೋಶದಲ್ಲಿ ಮಿಸುಕುವ ಹುಳು ಕಂಡರೆ ಅದು ಬರೀ ಅಡ್ಡಿ. ಚಿಮಟದಿಂದ ಎತ್ತಿ ಬಿಸಾಡಿದರೆ ಮುಗಿಯಿತು. ಗದ್ದೆಕೆರೆಗಳ ಕಪ್ಪೆಗಳು ಬರಿದಾಗುತ್ತಿದ್ದ ಕಾಲವದು. 1987ರಲ್ಲಿ ಭಾರತ ಕಪ್ಪೆಕಾಲಿನ ರಫ್ತನ್ನು ನಿಲ್ಲಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2011ರಲ್ಲಿ ಡಿಸೆಕ್ಷನ್ ಕಡಿಮೆ ಮಾಡಲು ಹೇಳಿ, 2014ರಲ್ಲಿ ಅದನ್ನು ಕೈಬಿಡುವಂತೆ ಸೂಚಿಸಿತು. ಸರಿಯಾದ ನಿರ್ಧಾರವೇ. ಆದರೆ ಕತ್ತಿಯೊಡನೆ ಕಿಟಕಿಯೂ ಮುಚ್ಚಿತು, ಬೇರೊಂದನ್ನು ತೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಹುಳು ಗುರುತಿಸುವವರು ಯಾಕೆ ಬೇಕು? 2022ರಲ್ಲಿ ಕ್ಯಾನ್‌ಬೆರಾದ ಶಸ್ತ್ರವೈದ್ಯರು 64 ವರ್ಷದ ಮಹಿಳೆಯ ಮಿದುಳಿನಿಂದ 8 ಸೆಂಟಿಮೀಟರ್ ಉದ್ದದ ಜೀವಂತ ಹುಳುವನ್ನು ಎಳೆದು ತೆಗೆದರು. ಅದು ಹೆಬ್ಬಾವಿನ ಹೊಟ್ಟೆಯಲ್ಲಿ ಬೆಳೆಯುವ ದುಂಡುಹುಳು. ಮನುಷ್ಯರಲ್ಲಿ ಅಂಥದ್ದು ಅದೇ ಮೊದಲು ಕಂಡದ್ದು. ಆಕೆ ಕೆರೆಯಂಚಿನಲ್ಲಿ ಕಿತ್ತ ಸೊಪ್ಪಿಗೆ ಹಾವಿನ ಹಿಕ್ಕೆಯ ಮೊಟ್ಟೆಗಳು ಅಂಟಿದ್ದಿರಬೇಕು. ವೈದ್ಯರಿಗೆ ಗೊತ್ತಾಗದ ಹುಳುವಿನ ಹೆಸರು ಹೇಳಿದ್ದು ಪ್ರಾಣಿಗಳ ಪರಾವಲಂಬಿಗಳನ್ನು ಬಲ್ಲ ವಿಜ್ಞಾನಿಯೊಬ್ಬರು.

ಬೆಂಗಳೂರಿನಲ್ಲಿ ಕೇರೆ, ನಾಗರಹಾವುಗಳನ್ನು ಮನೆಗಳಿಂದ ಹಿಡಿದು ಬಿಡುವವರಿದ್ದಾರೆ. ಹಾವು ಚೀಲದಲ್ಲಿ ಹಾಕಿದ ಹಿಕ್ಕೆಯನ್ನು ಸೂಕ್ಷ್ಮದರ್ಶಕದಡಿ ನೋಡಿದರೆ, ಯಾವ ಹಾವನ್ನೂ ಕೊಯ್ಯದೆ, ಹುಳುವಿನ ಮೊಟ್ಟೆಗಳು ಸಿಕ್ಕಾವು. ಆದರೆ ಮೊಟ್ಟೆಯಿಂದ ಹುಳುವಿನ ಗುಂಪು ತಿಳಿಯುತ್ತದೆಯೇ ಹೊರತು ಜಾತಿಯನ್ನು ಹೇಳುವುದು ಕಷ್ಟ. ಅದಕ್ಕೆ ಸಾಮಾನ್ಯವಾಗಿ ಬೆಳೆದ ಹುಳುವೇ ಬೇಕು, ಎಂದರೆ ರಸ್ತೆಯಲ್ಲಿ ಚಕ್ರಕ್ಕೆ ಸಿಕ್ಕು ಸತ್ತ ಹಾವು ಬೇಕು. ಸಂರಕ್ಷಿತ ವನ್ಯಜೀವಿ ಸತ್ತ ಮೇಲೂ ಸರ್ಕಾರದ ಸ್ವತ್ತು. ಅದನ್ನು ಕೊಯ್ಯಬೇಕೆಂದರೆ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.