ಕೈಮರ ನೆಟ್ಟರೆ ದಾರಿ ಮುಚ್ಚುವುದಿಲ್ಲ

ಕಾಲೇಜುಗಳಿಗೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಹೋದಲ್ಲೆಲ್ಲ ಒಂದೇ ದೂರು. ‘ಪ್ಯಾಕ್ ಫೈಲ್‌ನಲ್ಲಿ ಯೂಟ್ಯೂಬ್ ಬ್ಲಾಕ್ ಮಾಡಿದ್ದೇವೆ ಸರ್, ಆದ್ರೂ ಹುಡುಗರು ನೋಡ್ತಾ ಇದ್ದಾರೆ.’

ಪ್ಯಾಕ್ ಅಂದರೆ ‘ಪ್ರಾಕ್ಸಿ ಆಟೊ ಕಾನ್ಫಿಗ್’. ಪ್ರಾಕ್ಸಿ ಅಂದರೆ ನಮ್ಮ ಪರವಾಗಿ ಸೈಟುಗಳನ್ನು ತಂದುಕೊಡುವ ನಡುವಿನ ಯಂತ್ರ. ಪ್ಯಾಕ್ ಫೈಲ್‌ಗೆ ಯಾರನ್ನೂ ತಡೆಯುವ ಶಕ್ತಿ ಇಲ್ಲ. 1996ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನವರು ತಂದಾಗಲೂ ಇರಲಿಲ್ಲ, ಈಗಲೂ ಇಲ್ಲ. ಅದರಲ್ಲಿರುವುದು ಜಾವಾಸ್ಕ್ರಿಪ್ಟ್‌ನ ಒಂದು ಫಂಕ್ಷನ್. ಈ ಸೈಟಿಗೆ ಯಾವ ಕಡೆಯಿಂದ ಹೋಗಲಿ ಅಂತ ಬ್ರೌಸರ್ ಅದನ್ನು ಕೇಳುತ್ತದೆ. ‘ಈ ಪ್ರಾಕ್ಸಿ ಮೂಲಕ ಹೋಗು’ ಅಥವಾ ‘ನೇರ ಹೋಗು’ ಅಂತ ಉತ್ತರ ಬರುತ್ತದೆ. ಅಷ್ಟೇ. ದಾರಿ ಕವಲೊಡೆಯುವಲ್ಲಿ ಕೈಮರ ಇರುತ್ತಲ್ಲ, ಹಾಗೆ. ಬೇಲೂರು ಎಡಕ್ಕೆ ಅಂತ ಅದು ತೋರಿಸುತ್ತದೆ. ನೀವು ಬಲಕ್ಕೆ ತಿರುಗಿದರೆ ಓಡಿಬಂದು ಹಿಡಿಯುವುದಿಲ್ಲ.

ಒಂದು ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಮೇಡಂ ಬೇಡವಾದ ಸೈಟುಗಳನ್ನೆಲ್ಲ ಒಂದೊಂದಾಗಿ ಆ ಫೈಲಿಗೆ ಸೇರಿಸಿದ್ದರು. ತಿಂಗಳುಗಟ್ಟಲೆ ಸಂಜೆ ಕೂತು ಮಾಡಿದ ಕೆಲಸ. ಎರಡನೇ ವರ್ಷದ ಹುಡುಗನೊಬ್ಬ ನನ್ನೆದುರೇ ಬ್ರೌಸರ್ ಸೆಟ್ಟಿಂಗ್‌ನಲ್ಲಿ ಪ್ರಾಕ್ಸಿ ಬೇಡ ಅಂತ ಒತ್ತಿದ, ಯೂಟ್ಯೂಬ್ ತೆರೆಯಿತು. ಮೇಡಂ ಮುಖ ನೋಡಿ ನನಗೆ ಸಂಕಟವಾಯಿತು. ಆ ಶ್ರಮವನ್ನು ಹೊರಗೆ ಹೋಗುವ ದಾರಿ ಕಾಯುವ ಫೈರ್‌ವಾಲ್ ಮೇಲೆ ಹಾಕಿದ್ದರೆ ಎರಡು ದಿನ ಸಾಕಿತ್ತು.

ತಡೆಯುವ ಕೆಲಸ ಫೈರ್‌ವಾಲ್‌ದು. ಪ್ರಾಕ್ಸಿ ಯಂತ್ರ ಬಿಟ್ಟು ಬೇರೆ ಯಾರೂ ವೆಬ್‌ಸೈಟುಗಳಿಗೆ ಹೋಗುವ ಬಾಗಿಲುಗಳಾದ 80, 443ನೇ ಪೋರ್ಟ್‌ಗಳಿಂದ ಹೊರಗೆ ಹೋಗಬಾರದು. ಒಂದೇ ಬಾಗಿಲಲ್ಲಿ ಡೇಟಾ ಸಾಗಲು ಟಿಸಿಪಿ, ಯುಡಿಪಿ ಅಂತ ಎರಡು ವಿಧಾನ ಇವೆ. 443ರಲ್ಲಿ ಟಿಸಿಪಿ ಮಾತ್ರ ಮುಚ್ಚಿ ಯುಡಿಪಿ ಮರೆಯುವವರು ಜಾಸ್ತಿ. ಕ್ರೋಮ್ ಯೂಟ್ಯೂಬನ್ನು ಆ ಯುಡಿಪಿಯಲ್ಲೇ ತರಬಲ್ಲದು. ಯಾವ ಸೈಟ್ ಬೇಕು, ಯಾವುದು ಬೇಡ ಅನ್ನುವ ಪಟ್ಟಿ ಪ್ರಾಕ್ಸಿಯಲ್ಲಿರಲಿ.

ಹೀಗೆ ಮುಚ್ಚಿದ ಮೇಲೆ ಪ್ಯಾಕ್ ಫೈಲ್‌ಗೆ ನಿಜವಾದ ಕೆಲಸ ಬರುತ್ತದೆ. ಕೈಮರ ಕಾಣದವರಿಗೆ ಈಗ ಇಂಟರ್‌ನೆಟ್ಟೇ ಇಲ್ಲ, ಅಲ್ವಾ? ಹೆಸರಲ್ಲಿ ‘ಆಟೊ’ ಇದೆ ಅಂದ ಮಾತ್ರಕ್ಕೆ ಈ ಫೈಲ್ ಎಲ್ಲ ಯಂತ್ರಗಳಿಗೂ ತಾನಾಗಿ ಸಿಗುವುದಿಲ್ಲ. ಫೈಲ್ ಎಲ್ಲಿದೆ ಅಂತ ತಿಳಿಯಲು ವಿಂಡೋಸ್, ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಡಿಎಚ್‌ಸಿಪಿಯ 252ನೇ ಆಪ್ಷನ್ ಕೇಳುತ್ತದೆ, ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ‘ಡಬ್ಲ್ಯುಪ್ಯಾಡ್’ (wpad) ಅನ್ನುವ ಹೆಸರನ್ನೂ ಹುಡುಕುತ್ತದೆ. ಆಂಡ್ರಾಯ್ಡ್ ಫೋನ್ ತಾನಾಗಿ ಹುಡುಕುವುದಿಲ್ಲ, ವೈಫೈ ಸೆಟ್ಟಿಂಗ್‌ನಲ್ಲಿ ಫೈಲಿನ ವಿಳಾಸ ಬರೆಯಬೇಕು. ಬರೆದರೂ ಕೆಲವು ಆಪ್‌ಗಳು ಪ್ರಾಕ್ಸಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಲಿನಕ್ಸ್ ಟರ್ಮಿನಲ್‌ನಲ್ಲಿ ಕೋಡ್ ತರುವ ಗಿಟ್, ಸಾಫ್ಟ್‌ವೇರ್ ಹಾಕುವ ಆಪ್ಟ್ ಈ ಫೈಲ್ ಓದುವುದೇ ಇಲ್ಲ, ಅವಕ್ಕೆ ಪ್ರಾಕ್ಸಿ ಬೇರೆಯಾಗಿ ಹೇಳಬೇಕು.

ತಾನೇ ಹುಡುಕಿಕೊಳ್ಳಲಿ ಅಂತ ಬಿಡಲು ನನಗೆ ಅಂಜಿಕೆ. ಲ್ಯಾಪ್‌ಟಾಪ್ ಬೇರೆ ಕಡೆ ಹೋದಾಗ ‘ಡಬ್ಲ್ಯುಪ್ಯಾಡ್ ನಾನೇ’ ಅಂತ ಇನ್ಯಾರೋ ಉತ್ತರ ಕೊಟ್ಟು ತಮ್ಮ ಕೈಮರ ತೋರಿಸಬಹುದು. ನಮ್ಮ ಯಂತ್ರಗಳಿಗೆ ಫೈಲಿನ ಪೂರ್ತಿ ವಿಳಾಸ ಕೊಡುವುದು ಮೇಲು. ನಿಮ್ಮ ನೆಟ್‌ವರ್ಕ್ ನೋಡದೆ ಹೀಗೇ ಮಾಡಿ ಅನ್ನಲಾರೆ. ಆದರೆ ಫೈರ್‌ವಾಲನ್ನು ಒಂದೇ ದಿನಕ್ಕೆ ಮುಚ್ಚಬೇಡಿ. ಒಂದು ವಾರ ಯಾರನ್ನೂ ತಡೆಯದೆ ಲಾಗ್ (ಹೊರಹೋದವರ ದಾಖಲೆ) ಮಾತ್ರ ಬರೆಸಿ, ಯಾರು ನೇರ ಹೋಗುತ್ತಿದ್ದಾರೆ ನೋಡಿ. ಆ ಕಾಲೇಜಿನಲ್ಲಿ ಹಾಗೆ ನೋಡಿದಾಗ ಸಿಕ್ಕ ಮೊದಲ ಯಂತ್ರ ಪರೀಕ್ಷಾ ವಿಭಾಗದ್ದು. ಮಕ್ಕಳ ಅಂಕಗಳನ್ನು ಅಲ್ಲಿಂದಲೇ ಕಳಿಸುತ್ತಿದ್ದರು.