ಕಾಲೇಜ್ ಅಪ್ಲಿಕೇಶನ್‌ನಲ್ಲಿ ಬರೋ 35 ಪದದ ಪ್ರಶ್ನೆಗೆ ಏನಂತ ಬರೆಯೋದು?

ಪ್ರಶ್ನೆ: ಮಗ ಸೆಕೆಂಡ್ ಪಿಯುಸಿ, ಅಮೆರಿಕಾದ ನಾಲ್ಕೈದು ಕಾಲೇಜಿಗೆ ಅಪ್ಲೈ ಮಾಡ್ತಿದ್ದಾನೆ. ದೊಡ್ಡ ಎಸ್ಸೇ ಹೇಗೋ ಮುಗೀತು. ಈಗ "ನಿಮಗೆ ಸ್ಫೂರ್ತಿ ಕೊಡೋದು ಏನು" ಅನ್ನೋ ಥರ ಚಿಕ್ಕ ಚಿಕ್ಕ ಪ್ರಶ್ನೆ, 35 ಪದ, 50 ಪದ. ಇದಕ್ಕೆ ಸರಿ ಉತ್ತರ ಅಂತ ಏನಾದ್ರೂ ಇದ್ಯಾ? ಅವ್ರಿಗೆ ಬೇಕಾಗಿರೋದಾದ್ರೂ ಏನು?

ಸರಿ ಉತ್ತರ ಇಲ್ಲ ಮೇಡಂ, ನಮ್ಮ ಮಕ್ಕಳು ಎಡವೋದೇ ಅಲ್ಲಿ. ಎಲ್‌ಕೆಜಿಯಿಂದ ಇಲ್ಲೀವರೆಗೂ ಪ್ರಶ್ನೆ ಅಂದ್ರೆ ಅದಕ್ಕೊಂದು ಕೀ ಆನ್ಸರ್ ಇರುತ್ತೆ, ಪಾಯಿಂಟಿಗೆ ಇಷ್ಟು ಮಾರ್ಕ್ಸು ಅಂತ ರೂಢಿ ಆಗ್ಬಿಟ್ಟಿದೆ, ಹಾಗಾಗಿ "ನಿನಗೇನಿಷ್ಟ" ಅಂತ ಕೇಳಿದ್ರೂ ಎದುರಿಗಿರೋರಿಗೆ ಏನಿಷ್ಟ ಆಗ್ಬಹುದು ಅಂತ ಯೋಚ್ನೆ ಮಾಡಿ ಬರೀತಾರೆ. ಅಪ್ಲಿಕೇಶನ್ ಓದೋರ ಹತ್ರ ಆಗ್ಲೇ ಮಾರ್ಕ್ಸ್ ಕಾರ್ಡ್ ಇರುತ್ತೆ, ಟೀಚರ್ ಬರೆದ ಲೆಟರ್ ಇರುತ್ತೆ, ಕಾಮನ್ ಆ್ಯಪ್‌ನ (ಒಂದೇ ಅರ್ಜಿಲಿ ಹಲವು ಕಾಲೇಜಿಗೆ ಅಪ್ಲೈ ಮಾಡೋ ವೆಬ್‌ಸೈಟು) 650 ಪದದ ಎಸ್ಸೇ ಇರುತ್ತೆ, ಹತ್ತು ಆ್ಯಕ್ಟಿವಿಟಿಗಳ ಪಟ್ಟಿನೂ ಇರುತ್ತೆ. ಅದನ್ನೇ ಇಲ್ಲಿ ಮತ್ತೆ ಹೇಳಿದ್ರೆ ಜಾಗ ದಂಡ.

ಅಳತೆ ಒಂದೊಂದು ಕಡೆ ಒಂದೊಂದು ಥರ. ಯೇಲ್‌ನಲ್ಲಿ 200 ಅಕ್ಷರ, ಅಂದ್ರೆ ಹೆಚ್ಚುಕಮ್ಮಿ 35 ಪದ, ಸ್ಟ್ಯಾನ್‌ಫೋರ್ಡ್‌ನಲ್ಲಿ 50 ಪದ. ಕ್ಯಾಲಿಫೋರ್ನಿಯಾ ಸರ್ಕಾರಿ ಯೂನಿವರ್ಸಿಟಿಗಳ ಕಥೆನೇ ಬೇರೆ, ಬರ್ಕ್ಲಿ, ಯುಸಿಎಲ್‌ಎ ಇವೆಲ್ಲ ಅದರೊಳಗೇ ಬರೋದು, ಅಲ್ಲಿ ಎಂಟು ಪ್ರಶ್ನೆ ಕೊಟ್ಟು ನಾಲ್ಕು ಆರಿಸ್ಕೋ ಅಂತಾರೆ, ಒಂದೊಂದಕ್ಕೆ 350 ಪದ. ಆ ಯೂನಿವರ್ಸಿಟಿಗಳು ಎಸ್‌ಎಟಿ ಅನ್ನೋ ಪ್ರವೇಶ ಪರೀಕ್ಷೆ ಸ್ಕೋರನ್ನ ಅಡ್ಮಿಶನ್ನಿಗೆ ನೋಡೋದೇ ಇಲ್ಲ, ಲೆಟರನ್ನೂ ಸಾಮಾನ್ಯವಾಗಿ ಕೇಳಲ್ಲ, ಹಾಗಾಗಿ ಆ ನಾಲ್ಕು ಉತ್ತರದ ಮೇಲೆ ಭಾರ ಜಾಸ್ತಿ. ಅಲ್ಲಿ ಒಂದು ಘಟನೆನ ಬಿಡಿಸಿ ಹೇಳೋಕೆ ಜಾಗ ಇದೆ. 35 ಪದದಲ್ಲಿ ಘಟನೆ ಹಿಡಿಯಲ್ಲ, ಒಂದು ಚಿತ್ರ ಹಿಡಿಯುತ್ತೆ ಅಷ್ಟೇ.

ಒಂದು ಉದಾಹರಣೆ ಹೇಳ್ತೀನಿ. ಹಾಸನದ ಕಡೆ ಹುಡುಗ, ನಮ್ಮ ಪರಿಚಯದೋರ ಮಗ, ಇದೇ ಸ್ಫೂರ್ತಿ ಪ್ರಶ್ನೆಗೆ ಮೊದಲು ಬರೆದಿದ್ದು: "ಸಮಾಜಕ್ಕೆ ಏನಾದರೂ ಕೊಡುಗೆ ನೀಡಬೇಕೆಂಬ ಹಂಬಲವೇ ನನಗೆ ಸ್ಫೂರ್ತಿ, ಕಠಿಣ ಪರಿಶ್ರಮ ಮತ್ತು ತಂತ್ರಜ್ಞಾನದಿಂದ ಬದಲಾವಣೆ ತರಬಹುದೆಂದು ನಂಬಿದ್ದೇನೆ." ಒಳ್ಳೆ ಸೆಂಟೆನ್ಸೇ, ಆದ್ರೆ ಇದನ್ನ ಯಾರು ಬೇಕಾದ್ರೂ ಬರೀಬಹುದು, ಗ್ರಾಮ ಪಂಚಾಯ್ತಿ ಭಾಷಣಕ್ಕೂ ಆಗುತ್ತೆ. ಇದು ಬಿಡಪ್ಪ, ಭಾನುವಾರ ಏನ್ ಮಾಡ್ತೀಯ ಅಂದೆ. ಸ್ವಲ್ಪ ನಾಚ್ಕೊಂಡು, ಹೈವೇ ಪಕ್ಕ ಕೂತು ಹೋಗೋ ಕೆಎಸ್ಸಾರ್ಟಿಸಿ ಬಸ್ಸಿನ ಮೇಲೆ ಬರೆದಿರೋ ಡಿಪೋ ಹೆಸ್ರು ಬರ್ಕೊಳ್ತೀನಿ ಅಂದ. ಮೂರು ನೋಟ್‌ಬುಕ್ ತುಂಬಿಸಿದಾನೆ! ಧರ್ಮಸ್ಥಳ ಡಿಪೋ ಬಸ್ಸು ಕಿಟಕಿವರೆಗೂ ಕೆಸರು ಮೆತ್ಕೊಂಡು ಬಂದ್ರೆ ಶಿರಾಡಿ ಘಾಟಿಲಿ ಮಳೆ ಜೋರಿದೆ ಅಂತ ಅರ್ಥ, ಅದನ್ನ ಅಮ್ಮನಿಗೆ ಹೇಳಿದ್ರೆ ಅಮ್ಮ ಬಟ್ಟೆ ಒಳಗೆ ತಗೊಂಡ್ಬಿಡ್ತಾರಂತೆ. "ಇದನ್ನೆಲ್ಲಾ ಬರೀತಾರಾ ಅಂಕಲ್" ಅಂತ ನನ್ನೇ ಕೇಳ್ದ. ಇದನ್ನೇ ಬರಿಯೋದು ಅಂದೆ. ನೋಟ್‌ಬುಕ್ಕು, ಕೆಸರು, ಅಮ್ಮನ ಬಟ್ಟೆ, ಮೂರೂ 35 ಪದದೊಳಗೆ ಕೂತ್ಕೊಂಡ್ವು. ನಾನು ಗಮನ ಇಟ್ಟು ನೋಡ್ತೀನಿ, ಲೆಕ್ಕ ಇಡ್ತೀನಿ ಅಂತ ಅವನು ಎಲ್ಲೂ ಹೇಳ್ಲಿಲ್ಲ, ಹೇಳೋ ಅಗತ್ಯನೂ ಬೀಳ್ಲಿಲ್ಲ.

ಇನ್ನು ಹುಡುಗಾಟದ ಥರ ಕಾಣೋ ಪ್ರಶ್ನೆಗಳು. ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದವರು ಇಷ್ಟದ ಕುರುಕಲು ತಿಂಡಿ ಯಾವುದು ಅಂತೆಲ್ಲ ಕೇಳಿದ್ದಾರೆ, 100 ಅಕ್ಷರದಲ್ಲಿ. ಅದಕ್ಕೂ ಜನ ಗೂಗಲ್ ಮಾಡಿ ಬಾದಾಮಿ, ಓಟ್ಸ್ ಬಾರ್ ಅಂತ ಬರೀತಾರೆ ನೋಡಿ, ನಗು ಬರುತ್ತೆ. ಚುರುಮುರಿ ಇಷ್ಟ ಇದ್ರೆ ಚುರುಮುರಿ ಅಂತ್ಲೇ ಬರೀಲಿ, ಈರುಳ್ಳಿ ಜಾಸ್ತಿ, ಪೇಪರ್ ಪೊಟ್ಟಣದಲ್ಲೇ ಆಗ್ಬೇಕು ಅಂತ ಸೇರಿಸ್ಲಿ. "ನನ್ನ ಇಷ್ಟದ ತಿಂಡಿ ಯಾವುದೆಂದರೆ" ಅಂತ ಶುರು ಮಾಡಿದ್ರೆ ಮಾತ್ರ ಕಾಲು ಭಾಗ ಅಲ್ಲೇ ಖಾಲಿ, ಪ್ರಶ್ನೆ ಮೇಲೇ ಇದ್ಯಲ್ಲ.

"ನಮ್ಮ ಕಾಲೇಜೇ ಯಾಕೆ" ಅನ್ನೋದಕ್ಕೆ ಹೆಚ್ಚು ಹೇಳಲ್ಲ. ಅಲ್ಲಿನ ಒಂದು ಕೋರ್ಸೋ ಲ್ಯಾಬೋ ನಿಜವಾಗ್ಲೂ ಹುಡುಕಿ ಓದಿರ್ಬೇಕು, ರ‍್ಯಾಂಕಿಂಗ್ ವಿಷಯ ಎತ್ತಬಾರ್ದು.

ಇಂಗ್ಲೆಂಡಿಗೂ ಹಾಕ್ತಿದ್ರೆ ಚುರುಮುರಿ ಅಲ್ಲಿ ನಡೆಯಲ್ಲ, ಹುಷಾರು. ಅಲ್ಲಿ ಯುಕಾಸ್ ಮೂಲಕ ಅಪ್ಲೈ ಮಾಡೋದು, 2026ರ ಪ್ರವೇಶದಿಂದ ಉದ್ದನೆ ಒಂದೇ ಸ್ಟೇಟ್‌ಮೆಂಟ್ ಬದ್ಲು ಮೂರು ಪ್ರಶ್ನೆ ಮಾಡಿದಾರೆ: ಈ ವಿಷಯ ಯಾಕೆ, ಓದು ನಿನ್ನ ಹೇಗೆ ತಯಾರು ಮಾಡಿದೆ, ಓದಿನ ಹೊರಗೆ ಏನು ತಯಾರಿ ಮಾಡ್ಕೊಂಡಿದೀಯ. ಮೂರೂ ಸೇರಿ 4000 ಅಕ್ಷರ, ಸ್ಪೇಸೂ ಲೆಕ್ಕಕ್ಕೆ, ಒಂದೊಂದಕ್ಕೆ ಕನಿಷ್ಠ 350 ಇರ್ಲೇಬೇಕು. ಅವ್ರಿಗೆ ಬೇಕಿರೋದು ಆ ವಿಷಯದ ಹುಚ್ಚು ಎಷ್ಟಿದೆ ಅಂತ. ಬಸ್ಸಿನ ನೋಟ್‌ಬುಕ್ಕು ಸಿವಿಲ್ ಎಂಜಿನಿಯರಿಂಗಿಗೆ ಹೊಂದುತ್ತೆ, ಕೆಮಿಸ್ಟ್ರಿಗೆ ಹೊಂದಲ್ಲ.

ಚಾಟ್‌ಜಿಪಿಟಿ ಕೈಲಿ ಬರೆಸ್ಬಹುದಾ ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ, ಎಐ ಬರೆದಿದ್ದನ್ನ ತನ್ನದು ಅಂತ ಕಳ್ಸೋದು ಕಾಮನ್ ಆ್ಯಪ್‌ನ ನಿಯಮದಲ್ಲಿ ವಂಚನೆ ಲೆಕ್ಕ. ಇನ್ನು ನೀವು, ಅಂದ್ರೆ ಅಪ್ಪ ಅಮ್ಮ, ಓದಿ, ಸ್ಪೆಲ್ಲಿಂಗ್ ನೋಡಿ, ಅದಕ್ಕಿಂತ ಮುಂದೆ ಹೋಗ್ಬೇಡಿ. ಆ ಹಾಸನದ ಹುಡುಗನ ಉತ್ತರನ ಅವರಪ್ಪ ರಾತ್ರಿ ಕೂತು ತಿದ್ದಿದ್ರು, ಬಸ್ಸು ಅಂತ ಇದ್ದಿದ್ದೆಲ್ಲ ಸಾರ್ವಜನಿಕ ಸಾರಿಗೆ ವ್ಯವಸ್ಥೆ ಆಗಿತ್ತು, ಕೆಸರು ಮಾಯ, ಅಮ್ಮನೂ ಮಾಯ. ಹುಡುಗ ಏನೂ ಮಾತಾಡ್ಲಿಲ್ಲ, ಅಪ್ಪ ಮಲಗಿದ್ಮೇಲೆ ಎದ್ದು ಹಳೇದನ್ನೇ ಪೇಸ್ಟ್ ಮಾಡಿ ಸಬ್ಮಿಟ್ ಒತ್ತಿದ.