ಮೇದೋಜೀರಕದ ಗುಳ್ಳೆ: ನೀರೋ, ಲೋಳೆಯೋ?

ಕಿಡ್ನಿಯಲ್ಲಿ ಕಲ್ಲಿದೆಯೇ ನೋಡೋಣವೆಂದು ಸ್ಕ್ಯಾನ್ ಮಾಡಿಸಿದರೆ, ರಿಪೋರ್ಟಿನ ತುದಿಯಲ್ಲಿ ಕೇಳದೇ ಬಂದ ಒಂದು ಸಾಲು: ‘ಪ್ಯಾಂಕ್ರಿಯಾಸಿನ ತಲೆಭಾಗದಲ್ಲಿ 14 ಮಿ.ಮೀ. ಸಿಸ್ಟ್’. ಕಲ್ಲಿನ ಚಿಂತೆ ಅಲ್ಲಿಗೆ ಮುಗಿಯಿತು. ಇನ್ನು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕಾಟ. ಬೇರೆ ಯಾವುದೋ ಕಾರಣಕ್ಕೆ ಮಾಡಿದ ಸಿಟಿ ಸ್ಕ್ಯಾನಿನಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಹೀಗೆ ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ, ಕಾಣಸಿಗುತ್ತದೆ. ಎಂಆರ್‌ಐ ಇನ್ನೂ ಚಿಕ್ಕವನ್ನೂ ಹಿಡಿಯುವುದರಿಂದ ಅದರಲ್ಲಿ ಹೆಚ್ಚು, ವಯಸ್ಸಾದವರಲ್ಲಿ ಮತ್ತೂ ಹೆಚ್ಚು. ಬಹುಪಾಲು ಗುಳ್ಳೆಗಳು ಜೀವಮಾನವಿಡೀ ತೆಪ್ಪಗಿರುತ್ತವೆ. ತೆಪ್ಪಗಿರದ ಕೆಲವನ್ನು ಮೊದಲೇ ಗುರುತಿಸುವುದು ಮಾತ್ರ ಸುಲಭವಲ್ಲ. ಮೇದೋಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡಗಿ ಕೂತಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ, ಕೈಗೂ ಸಿಗದು, ಸೂಜಿಗೂ ಸಲೀಸಾಗಿ ಸಿಗದು.

ಎಲ್ಲರೂ ಮೊದಲು ಕೇಳುವ ಪ್ರಶ್ನೆ ‘ಎಷ್ಟು ದೊಡ್ಡದು?’ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಒಳಗಿರುವುದು ನೀರೋ ಲೋಳೆಯೋ ಎಂದು.

ಪ್ಯಾಂಕ್ರಿಯಾಟೈಟಿಸ್ (ತೀವ್ರ ಹೊಟ್ಟೆನೋವು ತರುವ, ಗ್ರಂಥಿಯ ಉರಿಯೂತ) ಬಂದು ಹೋದ ಮೇಲೆ ಗ್ರಂಥಿಯ ರಸ ಸೋರಿ, ಸುತ್ತ ಗೋಡೆ ಕಟ್ಟಿಕೊಂಡರೆ ಅದು ಸೂಡೋಸಿಸ್ಟ್. ಎಷ್ಟೇ ದೊಡ್ಡದಿರಲಿ, ಅದು ಕ್ಯಾನ್ಸರ್ ಆಗುವುದಿಲ್ಲ. ಹಿಂದೆಂದೂ ಅಂಥ ಹೊಟ್ಟೆನೋವು ಬಂದೇ ಇಲ್ಲ ಎನ್ನುವವರ ರಿಪೋರ್ಟಿನಲ್ಲಿ ಆ ಹೆಸರಿದ್ದರೆ ಮಾತ್ರ ಇನ್ನೊಮ್ಮೆ ನೋಡಿಸಬೇಕು. ಸೀರಸ್ ಸಿಸ್ಟ್ ತೆಳು ನೀರಿನದು; ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳು, ಕೆಲವೊಮ್ಮೆ ನಡುವೆ ನಕ್ಷತ್ರದಂಥ ಕಲೆ. ಇದೂ ಕ್ಯಾನ್ಸರ್‌ಗೆ ತಿರುಗುವುದು ತೀರಾ ಅಪರೂಪ. ಲೋಳೆ ತುಂಬಿದವು ಎರಡು ಬಗೆ. ಮ್ಯುಸಿನಸ್ ಸಿಸ್ಟಿಕ್ ನಿಯೋಪ್ಲಾಸಂ ಬಹುತೇಕ ನಡುವಯಸ್ಸಿನ ಹೆಂಗಸರಲ್ಲಿ, ಗ್ರಂಥಿಯ ಬಾಲದ ಕಡೆ ಬರುತ್ತದೆ. ಗ್ರಂಥಿಯ ರಸ ಹರಿಯುವ ನಾಳಕ್ಕೆ ಸಂಪರ್ಕ ಇರುವುದಿಲ್ಲ. ಇನ್ನೊಂದು ಐಪಿಎಂಎನ್. ಇದು ಮೇದೋಜೀರಕದ ನಾಳದೊಳಗೇ ಹುಟ್ಟಿ ಲೋಳೆ ಸುರಿಸುತ್ತದೆ. ಇವಲ್ಲದೆ ಯುವತಿಯರಲ್ಲಿ ಕಾಣುವ ಎಸ್‌ಪಿಎನ್ ಎಂಬ ಅರೆಗಟ್ಟಿ ಗಡ್ಡೆಯೊಂದಿದೆ. ಅದನ್ನು ಸಾಮಾನ್ಯವಾಗಿ ತೆಗೆದೇ ಬಿಡುತ್ತಾರೆ, ಫಲಿತಾಂಶವೂ ಚೆನ್ನಾಗಿರುತ್ತದೆ.

ತಲೆನೋವಿನದು ಐಪಿಎಂಎನ್. ಕವಲು ನಾಳದಲ್ಲಿ ಹುಟ್ಟಿದ್ದು ಎಂಆರ್‌ಐಯಲ್ಲಿ ದ್ರಾಕ್ಷಿ ಗೊಂಚಲಿನಂತೆ ಕಾಣುತ್ತದೆ. ಬೇರೆ ಅನುಮಾನದ ಲಕ್ಷಣಗಳಿಲ್ಲದ ಇಂಥವು ಕ್ಯಾನ್ಸರ್ ಆಗುವ ಸಾಧ್ಯತೆ ವರ್ಷಕ್ಕೆ ಶೇ. 1ಕ್ಕಿಂತ ಕಡಿಮೆ. ಮುಖ್ಯ ನಾಳವೇ ಲೋಳೆ ಕಟ್ಟಿ ಹಿಗ್ಗಿದ್ದರೆ ಕಥೆ ಬೇರೆ: ಹಾಗೆ ಆಪರೇಷನ್ ಮಾಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕ್ಯಾನ್ಸರ್ ಅಥವಾ ಅದರ ಹೊಸ್ತಿಲಿನ ಹಂತ ಸಿಕ್ಕಿದೆ. (ಅನುಮಾನ ಬಂದವರಿಗೇ ಆಪರೇಷನ್ ಆಗುವುದು, ಹಾಗಾಗಿ ಈ ಲೆಕ್ಕ ಸ್ವಲ್ಪ ಉಬ್ಬಿದ್ದೆಂದೇ ಓದಬೇಕು.)

2024ರಲ್ಲಿ ಪ್ರಕಟವಾದ, ಅಂತರರಾಷ್ಟ್ರೀಯ ತಜ್ಞರ ಕ್ಯೋಟೋ ಮಾರ್ಗಸೂಚಿ ಐಪಿಎಂಎನ್‌ನ ಚಿಹ್ನೆಗಳನ್ನು ಎರಡು ದರ್ಜೆಯಾಗಿ ವಿಂಗಡಿಸುತ್ತದೆ. ಗ್ರಂಥಿಯ ತಲೆಭಾಗದಲ್ಲಿ ಸಿಸ್ಟ್ ಇದ್ದು ಕಾಮಾಲೆ ಬಂದಿರುವುದು, ಮುಖ್ಯ ನಾಳ 10 ಮಿ.ಮೀ. ಅಥವಾ ಹೆಚ್ಚು ಹಿಗ್ಗಿರುವುದು, ಸಿಸ್ಟಿನ ಒಳಗೋಡೆಯ ಮೇಲೆ ರಕ್ತಸಂಚಾರವಿರುವ 5 ಮಿ.ಮೀ. ಅಥವಾ ದೊಡ್ಡ ಗಂಟು, ಸೂಜಿಯಲ್ಲಿ ತೆಗೆದ ಜೀವಕೋಶಗಳಲ್ಲಿ ಕ್ಯಾನ್ಸರಿನ ಕುರುಹು: ಇವುಗಳಲ್ಲಿ ಒಂದಿದ್ದರೂ, ದೇಹ ತಡೆಯುವಂತಿದ್ದರೆ, ಆಪರೇಷನ್ನಿನ ಮಾತು. ಎರಡನೇ ದರ್ಜೆಯಲ್ಲಿ 3 ಸೆಂ.ಮೀ. ಮುಟ್ಟಿದ ಸಿಸ್ಟ್, 5ರಿಂದ 9 ಮಿ.ಮೀ. ನಾಳ, 5 ಮಿ.ಮೀ.ಗಿಂತ ಚಿಕ್ಕ ಗಂಟು, ದಪ್ಪಗಾದ ಗೋಡೆ, ವರ್ಷಕ್ಕೆ 2.5 ಮಿ.ಮೀ.ನಂತೆ ಬೆಳವಣಿಗೆ, ವರ್ಷದೊಳಗೆ ಹೊಸದಾಗಿ ಬಂದ ಇಲ್ಲವೇ ಇದ್ದಕ್ಕಿದ್ದಂತೆ ಹದ ತಪ್ಪಿದ ಸಕ್ಕರೆ ಕಾಯಿಲೆ ಮುಂತಾದವು ಬರುತ್ತವೆ. ಇವು ಒಂದೊಂದಾಗಿ ಬಂದರೆ ಮುಂದಿನ ತಪಾಸಣೆ. ಎರಡು ಮೂರು ಜೊತೆಗೂಡಿದರೆ ಅಪಾಯ ಏರುತ್ತದೆ. ಗಾತ್ರ ಕೂತಿರುವುದು ಈ ಎರಡನೇ ಸಾಲಿನಲ್ಲಿ ಎಂಬುದನ್ನು ಗಮನಿಸಿ. ಗಂಟಿರುವ 2 ಸೆಂ.ಮೀ. ಸಿಸ್ಟ್, ನುಣುಪು ಗೋಡೆಯ 4 ಸೆಂ.ಮೀ. ಸಿಸ್ಟಿಗಿಂತ ಅಪಾಯಕಾರಿ ಆಗಿರಬಹುದು.

ಆದರೆ ಗಂಟೆಂದು ಕಂಡದ್ದೆಲ್ಲ ಗಂಟಲ್ಲ. ಗಟ್ಟಿಯಾದ ಲೋಳೆಯುಂಡೆ ಗೋಡೆಗೆ ಅಂಟಿಕೊಂಡು ಸ್ಕ್ಯಾನಿನಲ್ಲಿ ಥೇಟ್ ಗಂಟಿನಂತೆಯೇ ಕಾಣುತ್ತದೆ. ಇದನ್ನು ಬಿಡಿಸಲು ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕು: ಬಾಯಿಂದ ಇಳಿಸಿದ ಕೊಳವೆಯ ತುದಿಯಲ್ಲೇ ಸ್ಕ್ಯಾನರ್ ಇದ್ದು, ಜಠರದ ಗೋಡೆಗೆ ಒತ್ತಿ ಹಿಡಿದರೆ ಗ್ರಂಥಿ ಕೆಲವೇ ಮಿಲಿಮೀಟರ್ ದೂರದಲ್ಲಿರುತ್ತದೆ. ಲೋಳೆಯುಂಡೆಯ ಅಂಚು ನುಣ್ಣಗೆ ಬೆಳ್ಳಗಿದ್ದು ನಡುವೆ ಕಪ್ಪಾಗಿರುತ್ತದೆ. ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸಿದರೆ ಜಾಗ ಬಿಟ್ಟು ಜಾರಬಹುದು. ಕಾಂಟ್ರಾಸ್ಟ್ (ರಕ್ತಸಂಚಾರ ಎದ್ದು ಕಾಣಲು ಕೊಡುವ ದ್ರವ) ಕೊಟ್ಟರೂ ಹೊಳೆಯದು. ನಿಜವಾದ ಗಂಟಿಗೆ ರಕ್ತನಾಳ ಇರುವುದರಿಂದ ಅದು ಹೊಳೆಯುತ್ತದೆ, ಕದಲುವುದಿಲ್ಲ.

ಅದೇ ಕೊಳವೆಯಿಂದ ಸಪೂರ ಸೂಜಿ ಹಾಯಿಸಿ ಸಿಸ್ಟಿನ ದ್ರವ ಎಳೆಯಬಹುದು. ಮೊದಲ ಪರೀಕ್ಷೆಗೆ ಯಂತ್ರವೇ ಬೇಡ. ಹೋಳಿಗೆ, ಲಾಡುಗಳಿಗೆ ಪಾಕ ಹಿಡಿದವರಿಗೆ ಗೊತ್ತಿರುವಂಥದ್ದೇ: ಒಂದು ತೊಟ್ಟನ್ನು ಗ್ಲೌಸ್ ತೊಟ್ಟ ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಬಿಡಿಸಿದಾಗ ಎಳೆ ಕಡಿಯದೆ 1 ಸೆಂ.ಮೀ.ವರೆಗೆ ಬಂದು ಒಂದು ಸೆಕೆಂಡ್ ನಿಂತರೆ ಅದು ಲೋಳೆ. ಲ್ಯಾಬಿನಲ್ಲಿ ಆ ದ್ರವದ ಸಿಇಎ ಎಂಬ ಪ್ರೋಟೀನ್ 192 ನ್ಯಾನೋಗ್ರಾಂ/ಮಿ.ಲೀ. ದಾಟಿದರೆ ಲೋಳೆಯ ಸಿಸ್ಟ್ ಎನ್ನುತ್ತಾರೆ. ಇತ್ತೀಚೆಗೆ ಗ್ಲೂಕೋಸ್‌ಗೇ ಹೆಚ್ಚು ಬೆಲೆ: 50 ಮಿ.ಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆಯಿದ್ದರೆ ಲೋಳೆಯತ್ತ ಬೊಟ್ಟು. ಮನೆಯಲ್ಲಿ ಸಕ್ಕರೆ ನೋಡುವಂಥ ಗ್ಲೂಕೋಮೀಟರಿನಲ್ಲೂ ಇದನ್ನು ಅಳೆದಿದ್ದಾರೆ. ಸೂಜಿಗೆ ರಕ್ತ ಬೆರೆತರೆ ಮಾತ್ರ ಗ್ಲೂಕೋಸ್ ಸುಳ್ಳಾಗಿ ಏರುತ್ತದೆ. ಅಮೈಲೇಸ್ ಎಂಬ ಜೀರ್ಣರಸದ ಕಿಣ್ವ 250 ಯೂನಿಟ್‌ಗಿಂತ ಕಡಿಮೆಯಿದ್ದರೆ ಸೂಡೋಸಿಸ್ಟ್ ಅಲ್ಲವೆಂದು ಬಹುತೇಕ ಧೈರ್ಯವಾಗಿ ಹೇಳಬಹುದು. ಇಲ್ಲಿ ಹಲವರು ಎಡವುತ್ತಾರೆ: ದ್ರವದ ಸಿಇಎ ಎಷ್ಟೇ ಏರಿದ್ದರೂ ಅದು ಹೇಳುವುದು ಲೋಳೆಯಿದೆ ಎಂದಷ್ಟೇ, ಕ್ಯಾನ್ಸರ್ ಎಂದಲ್ಲ. ಜೀನ್ ಪರೀಕ್ಷೆ ಸಿಗುವಲ್ಲಿ ಕೆರಾಸ್ ಅಥವಾ ಜಿಎನ್‌ಎಎಸ್ ಬದಲಾವಣೆ ಲೋಳೆಯ ಜಾತಿಯನ್ನು, ಟಿಪಿ53 ಅಥವಾ ಎಸ್‌ಎಂಎಡಿ4 ಬದಲಾವಣೆ ಮುಂದುವರಿದ ಹಂತವನ್ನು ಸೂಚಿಸುತ್ತದೆ.

ಕ್ಯಾನ್ಸರ್ ಸೂಚಕವೆಂದು ನೋಡುವ ರಕ್ತದ ಸಿಎ 19-9 ಬಗ್ಗೆ ಒಂದು ಮಾತು. 37 ಯೂನಿಟ್ ದಾಟಿದೆಯೆಂದು ಕಂಗೆಡುವ ಮುನ್ನ ಕಾಮಾಲೆ ಇದೆಯೇ ನೋಡಬೇಕು. ಪಿತ್ತನಾಳದಲ್ಲಿ ಬರೀ ಕಲ್ಲು ಸಿಕ್ಕಿಕೊಂಡರೂ ಅದು ಜಿಗಿಯುತ್ತದೆ. ನೂರಕ್ಕೆ ಐದರಿಂದ ಹತ್ತು ಮಂದಿಯ ದೇಹವಂತೂ ಈ ವಸ್ತುವನ್ನು ತಯಾರಿಸುವುದೇ ಇಲ್ಲ. ಅವರಲ್ಲಿ ಕ್ಯಾನ್ಸರ್ ಇದ್ದರೂ ಅಂಕಿ ಏರದು.

‘ಏಕೆ ಕಾಯುವುದು, ತೆಗೆದುಬಿಡಿ’ ಎನ್ನುವವರಿದ್ದಾರೆ. ತಲೆಭಾಗ ತೆಗೆಯುವ ವಿಪಲ್ ಆಪರೇಷನ್ನಿನಲ್ಲಿ ಸಣ್ಣಕರುಳಿನ ಮೊದಲ ಭಾಗ, ಪಿತ್ತಕೋಶ, ಪಿತ್ತನಾಳದ ತುದಿಯೂ ಹೋಗುತ್ತವೆ. ಮೂರು ಕಡೆ ಹೊಸದಾಗಿ ಜೋಡಿಸಿ ಹೊಲಿಯಬೇಕು. ಹೊಲಿಗೆ ಸೋರಿದರೆ ಮಾಂಸ ಜೀರ್ಣಿಸುವ ರಸವೇ ಹೊಟ್ಟೆಯೊಳಗೆ ಚೆಲ್ಲುತ್ತದೆ. ಪಳಗಿದ ಕೇಂದ್ರಗಳಲ್ಲೂ ನೂರರಲ್ಲಿ ಒಬ್ಬರಿಂದ ಮೂವರು ಉಳಿಯುವುದಿಲ್ಲ. ಬಾಲದ ಕಡೆಯ ಆಪರೇಷನ್ ಕೊಂಚ ಹಗುರ; ಆದರೆ ಪಕ್ಕದ ಗುಲ್ಮವೂ (ಸ್ಪ್ಲೀನ್) ಹೋಗುವುದಿದ್ದರೆ ಎರಡು ವಾರ ಮೊದಲೇ ನ್ಯುಮೋಕಾಕಸ್, ಮೆನಿಂಗೋಕಾಕಸ್ ಮುಂತಾದ ಲಸಿಕೆ ಆಗಿರಬೇಕು. ಎರಡರಲ್ಲೂ ಸಕ್ಕರೆ ಕಾಯಿಲೆ ಬೆನ್ನು ಹತ್ತಬಹುದು.

ಆದ್ದರಿಂದ ಹೆಚ್ಚಿನವರಿಗೆ ಉಳಿಯುವುದು ಕಣ್ಗಾವಲು. ಅನುಮಾನದ ಲಕ್ಷಣವಿಲ್ಲದ, 2 ಸೆಂ.ಮೀ.ಗಿಂತ ಚಿಕ್ಕ ಕವಲು ನಾಳದ ಸಿಸ್ಟಿಗೆ ಆರು ತಿಂಗಳಿಗೊಮ್ಮೆ ನೋಡಿ, ಬದಲಾಗದಿದ್ದರೆ 18 ತಿಂಗಳಿಗೊಮ್ಮೆ. 2ರಿಂದ 3 ಸೆಂ.ಮೀ. ಇದ್ದರೆ ಆರು ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ. ಸಿಟಿಗಿಂತ ಎಂಆರ್‌ಐ ವಾಸಿ. ವಿಕಿರಣವಿಲ್ಲ, ನಾಳಗಳೂ ಸ್ಪಷ್ಟ. ಪ್ರತಿ ಸಲ ಹಳೆಯ ಸಿಡಿ ಒಯ್ಯಿರಿ, ರಿಪೋರ್ಟಿನ ಕಾಗದ ಸಾಲದು. ಒಮ್ಮೆ ಅಡ್ಡ, ಒಮ್ಮೆ ಉದ್ದ ಅಳೆದರೆ ಬೆಳೆಯದ ಸಿಸ್ಟೂ 4 ಮಿ.ಮೀ. ‘ಬೆಳೆದು’ ಬಿಡುತ್ತದೆ. ಸಿಸ್ಟಿನ ಅಳತೆ ನೋಡಿ ಸುಮ್ಮನಾಗುವಂತೆಯೂ ಇಲ್ಲ. ಐಪಿಎಂಎನ್ ಇರುವವರಲ್ಲಿ ಕ್ಯಾನ್ಸರ್ ಸಿಸ್ಟಿನಿಂದ ದೂರದಲ್ಲಿ, ಅದೇ ಗ್ರಂಥಿಯ ಇನ್ನೊಂದು ಮೂಲೆಯಲ್ಲಿ ಪ್ರತ್ಯೇಕವಾಗಿ ಹುಟ್ಟುವುದುಂಟು. ರಿಪೋರ್ಟಿನಲ್ಲಿ ಇಡೀ ಗ್ರಂಥಿಯ ವಿವರಣೆ ಇದೆಯೇ ನೋಡಿ. ಸಿಸ್ಟ್ ತೆಗೆಸಿಕೊಂಡವರಿಗೂ, ಉಳಿದ ಭಾಗಕ್ಕೆ ಸ್ಕ್ಯಾನ್ ಮುಂದುವರಿಯುತ್ತದೆ.